ಗಡಿಸೀಮೆಯ ಒಗಟು, ಆಟ ಮತ್ತು ಭಾಷಾಕಲಿಕೆ: ಯಾಪಲದಿನ್ನಿ ಪರಿಸರವನ್ನು ಅನುಲಕ್ಷಿಸಿ

ಜಾನಪದ ಅಧ್ಯಯನಗಳು ಒಗಟು ಮತ್ತು ಮಕ್ಕಳ ಆಟಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಅವುಗಳಲ್ಲಿನ ಜನಜೀವನದ ಪ್ರತಿಬಿಂಬವನ್ನು ಗುರುತಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡಿವೆ. ಆದರೆ ಇವು ಮೂಲತಃ ಇಬ್ಬರ ನಡುವೆ ನಡೆಯುವ ಕ್ರಿಯೆಗಳು. ಕೇಳುವವನಿಲ್ಲದೆ ಒಗಟಿಲ್ಲ, ಎದುರಾಳಿಯಿಲ್ಲದೆ ಆಟವಿಲ್ಲ. ಒಂದು ಮಗು ಇನ್ನೊಂದು ಮಗುವಿನೊಡನೆ ಮಾತನಾಡಲೇಬೇಕಾದ ಸನ್ನಿವೇಶವನ್ನು ಇವು ಸಹಜವಾಗಿ ನಿರ್ಮಿಸುತ್ತವೆ. ಭಾಷೆಯನ್ನು ಕಲಿಸುವವರು ಇಂದು ತರಗತಿಯಲ್ಲಿ ಕೃತಕವಾಗಿ ಕಟ್ಟಲು ಪ್ರಯತ್ನಿಸುತ್ತಿರುವುದೂ ಇಂತಹ ಸನ್ನಿವೇಶವನ್ನೇ. ಹೀಗಾಗಿ ಜನಪದರ ಒಗಟು, ಆಟ, ಕಥೆಗಳ ರಚನೆಯನ್ನು ಭಾಷಾಕಲಿಕೆಯ ಚಟುವಟಿಕೆಗಳ ವಿನ್ಯಾಸಕ್ಕೆ ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಹಲವು ಭಾಷೆಗಳು ಕೂಡುವ ಒಂದು ಸೀಮೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೀಮೆಯ ಸ್ವರೂಪ

ಯಾಪಲದಿನ್ನಿ ರಾಯಚೂರು ತಾಲೂಕಿನ ಗಡಿಯಂಚಿನ ಊರು. ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆ ಇಲ್ಲಿಗೆ ಸಮೀಪದಲ್ಲಿದೆ. ಊರಿನ ಹೆಸರೇ ಈ ಸೀಮೆಯ ಭಾಷಾಸ್ಥಿತಿಯನ್ನು ಸೂಚಿಸುತ್ತದೆ. ‘ಯಾಪ’ ಎಂಬುದು ಬೇವು ಎಂಬರ್ಥದ ತೆಲುಗಿನ ‘ವೇಪ’ ಶಬ್ದದ ಆಡುನುಡಿಯ ರೂಪ. ‘ದಿನ್ನೆ’ ಅಥವಾ ‘ದಿನ್ನಿ’ ಕನ್ನಡ-ತೆಲುಗುಗಳೆರಡಕ್ಕೂ ಸಲ್ಲುವ ಪದ. ಬೇವಿನ ಮರಗಳ ದಿಬ್ಬ ಎಂದು ಬಿಡಿಸಬಹುದಾದ ಈ ಹೆಸರನ್ನು ಯಾವುದಾದರೂ ಒಂದೇ ಭಾಷೆಗೆ ಸೇರಿದ್ದೆಂದು ಹೇಳುವುದು ಕಷ್ಟ.

ಇಂದು ರಾಜ್ಯದ ಗಡಿಯಾಗಿರುವ ರೇಖೆ ಹಳೆಯದೇನಲ್ಲ. ನಿಜಾಮರ ಆಳ್ವಿಕೆಯಲ್ಲಿಯೂ 1948ರ ನಂತರದ ಹೈದರಾಬಾದ್ ರಾಜ್ಯದಲ್ಲಿಯೂ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿ, ಉಳಿದ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. 2014ರಲ್ಲಿ ತೆಲಂಗಾಣ ರಾಜ್ಯ ರಚನೆಯಾಗಿ, 2016ರಲ್ಲಿ ಗದ್ವಾಲ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಗೆರೆ ಬದಲಾದಂತೆ ಬೀಗತನ, ಸಂತೆ, ಜಾತ್ರೆ, ಕೂಲಿಯ ಸಂಬಂಧಗಳು ಬದಲಾಗಲಿಲ್ಲ. ಕನ್ನಡ ಮತ್ತು ತೆಲುಗಿನ ಜೊತೆಗೆ ದಖನಿ ಉರ್ದು ಹಾಗೂ ತಾಂಡಾಗಳ ಲಂಬಾಣಿ ನುಡಿ ಈ ಜಿಲ್ಲೆಯಲ್ಲಿ ಬಳಕೆಯಲ್ಲಿವೆ.

ಶಾಲೆ ಮಾತ್ರ ಒಂದು ಭಾಷೆಯನ್ನು ಮುಂದಿಟ್ಟುಕೊಂಡು ಆರಂಭವಾಗುತ್ತದೆ. ಕರ್ನಾಟಕವು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಮೂಲಕ ಕನ್ನಡವನ್ನೂ, ತೆಲಂಗಾಣವು 2018ರ ಕಾಯ್ದೆಯ ಮೂಲಕ ತೆಲುಗನ್ನೂ ಶಾಲೆಗಳಲ್ಲಿ ಕಡ್ಡಾಯಗೊಳಿಸಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆ ದೊರೆಯಬೇಕೆಂಬ ಆಶಯವುಳ್ಳ ಸಂವಿಧಾನದ 350ಎ ಅನುಚ್ಛೇದವು ಸೇರಿದ್ದು 1956ರಲ್ಲಿಯೇ. ಕಾನೂನುಗಳ ಉದ್ದೇಶ ಏನೇ ಇರಲಿ, ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ಆಡುವ ಆರು ವರ್ಷದ ಮಗು ಕನ್ನಡದ ತರಗತಿಯಲ್ಲಿ ಮೊದಲು ಕಲಿಯುವುದು ಮೌನವನ್ನು. ಮನೆಯಲ್ಲಿ ಮಾತುಗಾರನೆನಿಸಿಕೊಂಡ ಮಗು ಶಾಲೆಯಲ್ಲಿ ಮಂದನೆನಿಸಿಕೊಳ್ಳುತ್ತದೆ. ಗಡಿಯ ಆಚೆ ಕನ್ನಡ ಮನೆಮಾತಿನ ಮಗುವಿನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

2. ಚಟುವಟಿಕೆಯ ಪರಿಕಲ್ಪನೆ

ಭಾಷಾಬೋಧನೆಯಲ್ಲಿ ಚಟುವಟಿಕೆಯನ್ನು ಕೇಂದ್ರಕ್ಕೆ ತಂದ ಪ್ರಯೋಗಗಳಲ್ಲಿ ಒಂದು ಕರ್ನಾಟಕದ ನೆಲದಲ್ಲಿಯೇ ನಡೆದುದು ಗಮನಾರ್ಹ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಇಂಗ್ಲಿಷ್ ಬೋಧನೆಯ ಯೋಜನೆ ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧವಾಗಿದೆ. ಮಗುವಿನ ಗಮನ ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣವು ತಾನಾಗಿ ಮೈಗೂಡುತ್ತದೆ ಎಂಬುದು ಅದರ ತಿರುಳು. 1987ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಚಟುವಟಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಒಬ್ಬನಲ್ಲಿರುವ ಮಾಹಿತಿಯನ್ನು ಇನ್ನೊಬ್ಬನಿಗೆ ದಾಟಿಸುವುದು ಮಾಹಿತಿಯ ಅಂತರ. ಕೊಟ್ಟ ಸುಳಿವುಗಳಿಂದ ಹೊಸದನ್ನು ಊಹಿಸಿ ಪಡೆಯುವುದು ತರ್ಕದ ಅಂತರ. ಒಂದು ಸನ್ನಿವೇಶಕ್ಕೆ ತನ್ನ ನಿಲುವನ್ನು ಹೇಳುವುದು ಅಭಿಪ್ರಾಯದ ಅಂತರ. ತರಗತಿಗೆ ತರ್ಕದ ಅಂತರವೇ ಹೆಚ್ಚು ಒಗ್ಗುತ್ತದೆ ಎಂಬುದು ಅವರ ಅನುಭವ.

ಪ್ರಾಥಮಿಕ ಹಂತದಲ್ಲಿ ಕರ್ನಾಟಕದ ದೊಡ್ಡ ಪ್ರಯೋಗವೆಂದರೆ ‘ನಲಿ-ಕಲಿ’. ಋಷಿ ವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಇದು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವ್ಯಾಪಿಸಿತು. ಕಾರ್ಡು, ಕಲಿಕಾ ಏಣಿ, ಗುಂಪುಗಳ ಮೂಲಕ ಮಗು ತನ್ನ ವೇಗದಲ್ಲಿ ಮುನ್ನಡೆಯುವ ಈ ವ್ಯವಸ್ಥೆ ಶ್ಲಾಘನೀಯವಾದದ್ದೇ. ಆದರೆ ರಾಜ್ಯಕ್ಕೆಲ್ಲ ಒಪ್ಪುವಂತೆ ಸಿದ್ಧಪಡಿಸಿದ ಯಾವ ಸಾಮಗ್ರಿಯೂ ಪ್ರತಿಯೊಂದು ಸೀಮೆಯ ನುಡಿಯನ್ನು ಒಳಗೊಳ್ಳಲಾರದು. ಆ ಕೊರತೆಯನ್ನು ತುಂಬುವ ಸಾಮಗ್ರಿ ಊರಿನಲ್ಲಿಯೇ ದೊರೆಯುತ್ತದೆ.

3. ಒಗಟು

ಪ್ರಭು ಅವರು ಹೇಳುವ ತರ್ಕದ ಅಂತರಕ್ಕೆ ಒಗಟಿಗಿಂತ ಉತ್ತಮವಾದ ನಿದರ್ಶನವಿಲ್ಲ. ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡಸ್ 1963ರಲ್ಲಿ ನೀಡಿದ ರಚನಾತ್ಮಕ ವ್ಯಾಖ್ಯೆಯ ಪ್ರಕಾರ ಒಗಟು ಒಂದು ಅಥವಾ ಹೆಚ್ಚು ವರ್ಣನಾಂಶಗಳಿಂದ ಕೂಡಿದ್ದು, ಅವುಗಳಲ್ಲಿ ಎರಡು ಪರಸ್ಪರ ವಿರುದ್ಧವಾಗಿರಬಹುದು. ವರ್ಣಿತವಾದ ವಸ್ತುವನ್ನು ಕೇಳುಗ ಊಹಿಸಬೇಕು. ತೆಲುಗಿನಲ್ಲಿ ಒಗಟಿಗೆ ‘ಪೊಡುಪು ಕಥ’ ಎಂದೂ ಅದರ ಬಿಡಿಸುವಿಕೆಗೆ ‘ವಿಡುಪು’ ಎಂದೂ ಹೆಸರು. ಕನ್ನಡದ ‘ಬಿಡಿಸು’, ತೆಲುಗಿನ ‘ವಿಡುಪು’ ಒಂದೇ ಧಾತುವಿನಿಂದ ಬಂದವು. ಉರ್ದುವಿನಲ್ಲಿ ಇದು ‘ಪಹೇಲಿ’.

ಎಲ್ಲ ಒಗಟುಗಳೂ ಭಾಷೆಯಿಂದ ಭಾಷೆಗೆ ಸಮನಾಗಿ ದಾಟುವುದಿಲ್ಲ. ಚಟುವಟಿಕೆಯನ್ನು ರೂಪಿಸುವವರು ಈ ಭೇದವನ್ನು ಮೊದಲು ಅರಿಯಬೇಕು. ತೆಂಗಿನಕಾಯಿಯ ಮೂರು ಕಣ್ಣು, ಜುಟ್ಟು, ಒಡಲಿನ ನೀರುಗಳ ಮೇಲೆ ಕಟ್ಟಿದ ಒಗಟು ಚಿತ್ರವನ್ನು ಅವಲಂಬಿಸಿರುವುದರಿಂದ ತೆಲುಗಿನ ಟೆಂಕಾಯಕ್ಕೂ ಉರ್ದುವಿನ ನಾರಿಯಲ್‌ಗೂ ಹಾಗೆಯೇ ಒಪ್ಪುತ್ತದೆ. ಶ್ಲೇಷೆಯನ್ನು ಅವಲಂಬಿಸಿದ ಒಗಟು ಹಾಗಲ್ಲ. ಕನ್ನಡದ ‘ಹತ್ತು’ ಸಂಖ್ಯೆಯೂ ಹೌದು, ಏರು ಎಂಬ ಕ್ರಿಯೆಯೂ ಹೌದು. ತೆಲುಗಿನಲ್ಲಿ ಸಂಖ್ಯೆ ‘ಪದಿ’, ಕ್ರಿಯೆ ‘ಎಕ್ಕು’. ಶ್ಲೇಷೆ ಅಲ್ಲಿ ಒಡೆಯುತ್ತದೆ. ಆದರೆ ‘ಆರು’ ಎಂಬುದು ಎರಡೂ ಭಾಷೆಗಳಲ್ಲಿ ಸಂಖ್ಯೆಯಾಗಿಯೂ ನಂದು, ಒಣಗು ಎಂಬ ಕ್ರಿಯೆಯಾಗಿಯೂ ನಿಲ್ಲುತ್ತದೆ. ಅದರ ಮೇಲಿನ ಶ್ಲೇಷೆ ತೆಲುಗಿಗೆ ದಾಟಿ, ಉರ್ದುವಿನ ‘ಛೇ’ಯ ಬಳಿ ನಿಲ್ಲುತ್ತದೆ.

ಇದನ್ನು ಆಧರಿಸಿ ಎರಡು ಹಂತದ ಚಟುವಟಿಕೆಯನ್ನು ರೂಪಿಸಬಹುದು. ಮೊದಲ ಹಂತದಲ್ಲಿ ಚಿತ್ರಾತ್ಮಕ ಒಗಟುಗಳು ಮಾತ್ರ. ಮಗು ಮನೆಯಿಂದ ಒಂದು ಒಗಟನ್ನು ಮನೆಮಾತಿನಲ್ಲಿಯೇ ತರಬೇಕು. ಬೇರೆ ಮನೆಮಾತಿನ ಜೊತೆಗಾರನೊಡನೆ ಕುಳಿತು ಅದನ್ನು ಕನ್ನಡಕ್ಕೆ ತಂದು ತರಗತಿಗೆ ಒಡ್ಡಬೇಕು. ಬಿಡಿಸಲಾಗದ ತಂಡ ತನಗೆ ಗೊತ್ತಿರುವ ಒಂದು ಊರಿನ ಹೆಸರನ್ನು ‘ಬಿಟ್ಟುಕೊಡ’ಬೇಕೆಂಬ ನಿಯಮವಿಟ್ಟರೆ ಸೀಮೆಯ ಭೂಗೋಳವೂ ಕಲಿಕೆಗೆ ಸೇರುತ್ತದೆ. ಎರಡನೆಯ ಹಂತದಲ್ಲಿ ದೊಡ್ಡ ಮಕ್ಕಳು ಶ್ಲೇಷೆಯ ಒಗಟುಗಳನ್ನು ತೆಗೆದುಕೊಂಡು ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ, ಏಕೆ ಎಂಬುದನ್ನು ಹೇಳಬೇಕು. ಇಲ್ಲಿ ಮುಖ್ಯವಾದ ಸಂಗತಿಯೆಂದರೆ ಸ್ಥಾನಪಲ್ಲಟ. ಉತ್ತರವನ್ನು ಬಲ್ಲವನು ತೆಲುಗಿನ ಅಥವಾ ಲಂಬಾಣಿಯ ಹುಡುಗ. ತಡವರಿಸುವವರು ಉಳಿದವರು, ಕೆಲವೊಮ್ಮೆ ಶಿಕ್ಷಕರೂ ಸಹ. ಮೌನವಾಗಿದ್ದ ಮಗುವಿಗೆ ಬಾಯಿ ತೆರೆಯಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

4. ಜೋಡಿ ಪದಗಳು

ಸೋದರಭಾಷೆಗಳ ನಡುವಿನ ಧ್ವನಿಸಂಬಂಧ ಭಾಷಾವಿಜ್ಞಾನದ ವಿದ್ಯಾರ್ಥಿಗೆ ಪರಿಚಿತವಾದುದು. ಗಡಿಯ ಮಗು ಅದನ್ನು ಹೆಸರಿಸಲಾರದಿದ್ದರೂ ಬಳಸಿಯೇ ಇರುತ್ತದೆ. ಹಾಲು-ಪಾಲು, ಹುಲಿ-ಪುಲಿ, ಹಾವು-ಪಾಮು, ಹಣ್ಣು-ಪಂಡು ಎಂಬ ಸಾಲಿನಲ್ಲಿ ಕನ್ನಡದ ಹಕಾರಕ್ಕೆ ತೆಲುಗಿನ ಪಕಾರ ಎದುರಾಗುತ್ತದೆ. ಬೇರು-ವೇರು, ಬಿಲ್ಲು-ವಿಲ್ಲು, ಬೆಣ್ಣೆ-ವೆನ್ನ, ಬೇವು-ವೇಪ ಎಂಬಲ್ಲಿ ಬಕಾರಕ್ಕೆ ವಕಾರ. ಕಿವಿ-ಚೆವಿ, ಕೆರೆ-ಚೆರುವು, ಕೆಡು-ಚೆಡು ಎಂಬಲ್ಲಿ ಕಕಾರಕ್ಕೆ ಚಕಾರ. ಪದಗಳನ್ನು ಬಿಡಿ ಕಾರ್ಡುಗಳಲ್ಲಿ ಬರೆದು ಹಂಚಿ, ಪ್ರತಿ ಮಗುವೂ ತನ್ನ ಜೋಡಿಯನ್ನು ಹುಡುಕಿ ನಿಲ್ಲುವಂತೆ ಮಾಡಿದರೆ ಅದು ಮಾಹಿತಿಯ ಅಂತರದ ಆಟ. ಜೋಡಿಗಳೆಲ್ಲ ನಿಂತ ಮೇಲೆ ‘ಯಾರ ಪಕ್ಕ ಯಾರು ನಿಲ್ಲಬೇಕು’ ಎಂದು ಕೇಳಿದರೆ ಮಕ್ಕಳೇ ಮೂರು ಸಾಲುಗಳನ್ನು ಮಾಡಿಕೊಂಡು ನಿಯಮವನ್ನು ಕಂಡುಕೊಳ್ಳುತ್ತಾರೆ. ಕಂಡುಕೊಂಡ ನಿಯಮದಿಂದ ತಿಳಿಯದ ಪದವನ್ನು ಊಹಿಸುವುದು ಮುಂದಿನ ಹೆಜ್ಜೆ.

ಊಹೆ ತಪ್ಪುವ ಪದಗಳೂ ಆಟದಲ್ಲಿರಬೇಕು. ‘ಉಂಡು’ ಎಂಬುದು ಕನ್ನಡದಲ್ಲಿ ಊಟ ಮಾಡಿ ಎಂಬರ್ಥ ಕೊಟ್ಟರೆ ತೆಲುಗಿನಲ್ಲಿ ಇರು, ನಿಲ್ಲು ಎಂಬರ್ಥ ಕೊಡುತ್ತದೆ. ‘ಅವ್ವ’ ಕನ್ನಡದಲ್ಲಿ ತಾಯಿ. ತೆಲುಗಿನ ಕೆಲವು ಸೀಮೆಗಳಲ್ಲಿ ಅಜ್ಜಿ, ತೆಲಂಗಾಣದ ಆಡುಮಾತಿನಲ್ಲಿ ತಾಯಿ. ನಗೆಗೆ ಅವಕಾಶ ಕೊಡುವ ಇಂತಹ ಪದಗಳು ಭಾಷೆಗಳ ನಡುವಿನ ಹತ್ತಿರವನ್ನೂ ದೂರವನ್ನೂ ಒಟ್ಟಿಗೆ ತೋರಿಸುತ್ತವೆ.

ಶಬ್ದಗಳು ಬೇರೆಯಾದರೂ ವಾಕ್ಯದ ಬಂಧ ಒಂದಾಗಿರುವುದು ಈ ಭಾಗದ ಇನ್ನೊಂದು ವಿಶೇಷ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಕನ್ನಡ, ಮರಾಠಿ, ಉರ್ದುಗಳನ್ನು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದ ಲೇಖನ ಇದನ್ನು ವಿಶದವಾಗಿ ನಿರೂಪಿಸಿದೆ. ಅಲ್ಲಿ ವಾಕ್ಯವನ್ನು ಪದಕ್ಕೆ ಪದವಿಟ್ಟು ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸಬಹುದು. ರಾಯಚೂರು ಸೀಮೆಯಲ್ಲಿಯೂ ‘ಬರ್ತೀನಿ ಅಂತ ಹೇಳಿದ’ ಎಂಬ ಕನ್ನಡಕ್ಕೆ ‘ವಸ್ತಾನನಿ ಚೆಪ್ಪಾಡು’ ಎಂಬ ತೆಲುಗೂ ‘ಆತೂಂ ಬೋಲ್‌ಕೆ ಬೋಲ್ಯಾ’ ಎಂಬ ದಖನಿಯೂ ಒಂದೇ ಅಚ್ಚಿನಲ್ಲಿ ಎರಕಗೊಂಡಂತಿವೆ. ಅಂತ, ಅನಿ, ಬೋಲ್‌ಕೆ ಈ ಮೂರನ್ನು ಇಟ್ಟುಕೊಂಡು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸುದ್ದಿ ದಾಟಿಸುವ ಆಟವನ್ನು ಆಡಿಸಬಹುದು. ಒಬ್ಬೊಬ್ಬರ ಬಳಿಯೂ ಭಾಷೆ ಬದಲಾಗಬೇಕು; ಸುದ್ದಿ ಬದಲಾಗಬಾರದು.

5. ಆಟಗಳು

ಮಕ್ಕಳ ಆಟಗಳಿಗೆ ಗಡಿಯ ಎರಡೂ ಬದಿಯಲ್ಲಿ ಹೆಸರು ಬೇರೆ, ನಡೆ ಒಂದೇ. ಕನ್ನಡದ ಅಳಿಗುಳಿಮಣೆ ತೆಲುಗಿನ ವಾಮನಗುಂಟಲು. ಆಡು-ಹುಲಿ ಅಲ್ಲಿ ಪುಲಿ-ಮೇಕ. ಕುಂಟಾಬಿಲ್ಲೆ ತೊಕ್ಕುಡು ಬಿಳ್ಳ. ಕಣ್ಣಾಮುಚ್ಚಾಲೆ ದಾಗುಡು ಮೂತಲು. ಚೌಕಾಬಾರದಲ್ಲಿ ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ತೆಲುಗಿನ ಅಷ್ಟಾಚೆಮ್ಮದಲ್ಲಿ ನಾಲ್ಕು ಚೆಮ್ಮ, ಎಂಟು ಅಷ್ಟಾ. ಎರಡೂ ಕಡೆ ಆಟಕ್ಕೆ ಹೆಸರು ಬಂದಿರುವುದು ಇದೇ ಎರಡು ಗರಗಳಿಂದ.

ಆಟದ ಎಣಿಕೆ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಮರಾಠಿ ಮಕ್ಕಳ ವಿಟಿ-ದಾಂಡು ಉತ್ತಮ ನಿದರ್ಶನ. ಅದರ ವಕಟ, ಲೇಂಡ, ಮೂಂಡ, ನಾಲ ಎಂಬ ಎಣಿಕೆ ಮರಾಠಿಯದಲ್ಲ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಎಂಬ ಸಂಖ್ಯೆಗಳನ್ನು ಅದರಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಆಡುವ ಮಕ್ಕಳಿಗೆ ಅದು ಪರಭಾಷೆಯೆಂಬ ಅರಿವಿಲ್ಲ. ಪಾಠದ ಹಂಗಿಲ್ಲದೆ ಸಂಖ್ಯೆಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆದುಹೋದ ಬಗೆ ಇದು.

ಆಟವನ್ನು ಭಾಷಾ ಚಟುವಟಿಕೆಯಾಗಿಸುವಾಗ ಆಟವನ್ನು ಆಡಿಸುವುದಕ್ಕಿಂತ ಆಟದ ನಿಯಮವನ್ನು ಹೇಳಿಸುವುದೇ ಹೆಚ್ಚು ಫಲಕಾರಿ. ನಿಯಮವನ್ನು ಹೇಳಲು ‘ಆದರೆ’, ‘ಇಲ್ಲದಿದ್ದರೆ’, ‘ಮುಟ್ಟಿದ ಮೇಲೆ’, ‘ಮುಟ್ಟಬಾರದು’ ಎಂಬ ರೂಪಗಳಿಲ್ಲದೆ ಆಗದು. ಪಕ್ಷಾರ್ಥಕ, ನಿಷೇಧಾರ್ಥಕ, ವಿಧ್ಯರ್ಥಕಗಳೆಂದು ವ್ಯಾಕರಣ ಹೆಸರಿಸುವ ರೂಪಗಳೆಲ್ಲ ಹುಲಿಯನ್ನು ಕಟ್ಟುವ ನಿಯಮದಲ್ಲಿ ಬಂದುಹೋಗುತ್ತವೆ. ಒಂದು ತಂಡ ತನ್ನ ಓಣಿಯ ನಿಯಮವನ್ನು ಹೇಳಬೇಕು, ಇನ್ನೊಂದು ತಂಡ ಹೇಳಿದಂತೆಯೇ ಆಡಬೇಕು. ನಿಯಮ ಸರಿಯಾಗಿ ಹೇಳಲ್ಪಟ್ಟಿಲ್ಲವೆಂಬುದು ಆಟ ಕೆಟ್ಟಾಗ ತಾನೇ ತಿಳಿಯುತ್ತದೆ, ಶಿಕ್ಷಕರು ತಿದ್ದಬೇಕಾಗಿಲ್ಲ.

6. ಕಥೆ, ಒಡಪು, ಹಬ್ಬ

ಅಭಿಪ್ರಾಯದ ಅಂತರಕ್ಕೆ ಬೇತಾಳ ಕಥೆಗಳ ಮಾದರಿ ಸಿದ್ಧವಾಗಿದೆ. ಕಥೆ ಪ್ರಶ್ನೆಯಲ್ಲಿ ನಿಲ್ಲುತ್ತದೆ. ಉತ್ತರಿಸುವವನು ನ್ಯಾಯವನ್ನು ಹೇಳಲೇಬೇಕು. ಒಂದೇ ಕಥೆಗೆ ಮಕ್ಕಳು ಕೊಡುವ ಭಿನ್ನ ತೀರ್ಪುಗಳು ಅವರ ಮನೆಗಳ ಮೌಲ್ಯಗಳನ್ನು ಹೊರಗೆ ತರುತ್ತವೆ. ಗಂಡನ ಹೆಸರನ್ನು ನೇರವಾಗಿ ಹೇಳದೆ ಪದ್ಯದಲ್ಲಿ ಹುದುಗಿಸುವ ಉತ್ತರ ಕರ್ನಾಟಕದ ಒಡಪಿನ ತಂತ್ರವನ್ನು ಗೆಳೆಯರ ಹೆಸರನ್ನು ಪ್ರಾಸದಲ್ಲಿ ಪರಿಚಯಿಸುವ ಆಟವಾಗಿ ಮಾರ್ಪಡಿಸಬಹುದು.

ಅಂತರ್‌ಸಾಂಸ್ಕೃತಿಕ ಕಲಿಕೆಗೆ ಈ ಜಿಲ್ಲೆಯಲ್ಲಿ ಮೊಹರಂಗಿಂತ ಸಮೃದ್ಧವಾದ ವಸ್ತುವಿಲ್ಲ. ಮುದಗಲ್ಲಿನ ಮೊಹರಂ ನಾಡಿನಲ್ಲೆಲ್ಲ ಹೆಸರುವಾಸಿ. ಕನ್ನಡದಲ್ಲಿ ಅಲಾಯಿ ಹಬ್ಬ, ತೆಲುಗಿನಲ್ಲಿ ಪೀರ್ಲ ಪಂಡುಗ ಎಂದು ಕರೆಯಲ್ಪಡುವ ಈ ಆಚರಣೆಯಲ್ಲಿ ಹಿಂದೂಗಳೂ ಮುಸಲ್ಮಾನರೂ ಪಾಲ್ಗೊಳ್ಳುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಅಲಾಯಿ ಕುಣಿ, ಹಲಗೆ, ಹೆಜ್ಜೆ ಕುಣಿತ, ಚೊಂಗೆ ಇವುಗಳಲ್ಲಿ ಒಂದೊಂದನ್ನು ಕುರಿತು ಮನೆಯಲ್ಲಿ ಕೇಳಿ ಬಂದ ಮಕ್ಕಳು ಒಟ್ಟಿಗೆ ಕುಳಿತಾಗ ಹಬ್ಬದ ಪೂರ್ಣ ಚಿತ್ರ ಮೂಡುತ್ತದೆ. ಯಾವ ಒಂದು ಮನೆಯೂ ಅದನ್ನು ಪೂರ್ಣವಾಗಿ ಹೇಳಲಾರದು ಎಂಬ ತಿಳಿವಳಿಕೆ ಈ ಚಟುವಟಿಕೆಯ ನಿಜವಾದ ಫಲ.

7. ಕೆಲವು ಎಚ್ಚರಗಳು

ಜನಪದ ಸಾಮಗ್ರಿಯೆಲ್ಲ ತರಗತಿಗೆ ಯೋಗ್ಯವೆಂದು ಭಾವಿಸಬಾರದು. ಜಾತಿಯನ್ನು, ಹೆಣ್ಣನ್ನು, ಅಂಗವೈಕಲ್ಯವನ್ನು ಹಳಿಯುವ ಗಾದೆ-ಒಗಟುಗಳು ನಮ್ಮ ಸಂಗ್ರಹಗಳಲ್ಲಿ ಹೇರಳವಾಗಿವೆ. ಅವು ಸಂಶೋಧಕನಿಗೆ ದಾಖಲೆ, ಮಗುವಿಗೆ ಗಾಯ. ಆಚರಣೆಗಳನ್ನು ತರಗತಿಯಲ್ಲಿ ಅಭಿನಯಿಸಿ ತೋರಿಸುವುದು ಸಲ್ಲದು. ಅವುಗಳ ಕುರಿತು ಕೇಳಿ ತಿಳಿಯುವುದು ಬೇರೆ, ಅನುಕರಿಸುವುದು ಬೇರೆ. ತಾಂಡಾದ ಮಗುವನ್ನು ವೇಷ ತೊಡಿಸಿ ನಿಲ್ಲಿಸುವ ‘ಸಂಸ್ಕೃತಿ ಪರಿಚಯ’ವು ಆ ಮಗುವನ್ನು ಪ್ರದರ್ಶನದ ವಸ್ತುವಾಗಿಸುತ್ತದೆ. ಗೆದ್ದವರು-ಸೋತವರು ಪ್ರತಿ ಬಾರಿಯೂ ಅದೇ ಮನೆಮಾತಿನವರಾದರೆ ಆಟದ ನಿಯಮವನ್ನೇ ಬದಲಿಸಬೇಕು. ಶಿಕ್ಷಕರಿಗೆ ಮಕ್ಕಳ ಎಲ್ಲ ಭಾಷೆಗಳೂ ಬರಬೇಕೆಂದಿಲ್ಲ; ಬರುವುದಿಲ್ಲವೆಂಬುದನ್ನು ಒಪ್ಪಿ, ಮಗುವಿನಿಂದ ಕೇಳಿ ತಿಳಿಯುವ ಮನಸ್ಸಿರಬೇಕು.

8. ಸಮಾರೋಪ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದು ಪರಿಗಣಿಸಿತು. 2020ರ ಶಿಕ್ಷಣ ನೀತಿ ಮನೆಮಾತಿಗೆ ಆರಂಭಿಕ ಹಂತದಲ್ಲಿ ಒತ್ತು ನೀಡಿದೆ. ನೀತಿಯ ಮಾತು ತರಗತಿಯ ಕೆಲಸವಾಗಬೇಕಾದರೆ ಪ್ರತಿ ಸೀಮೆಯ ಒಗಟು, ಆಟ, ಪದಗಳ ಸಂಗ್ರಹ ಶಿಕ್ಷಕರ ಕೈಗೆ ಎಟುಕಬೇಕು. ಕನ್ನಡದ ಜಾನಪದ ಸಂಗ್ರಹಗಳು ಬಹುತೇಕ ಕನ್ನಡ ಪಠ್ಯಗಳಿಗೆ ಸೀಮಿತವಾಗಿವೆ. ಗಡಿ ತಾಲೂಕುಗಳಲ್ಲಿ ಒಂದೇ ಒಗಟು ಮೂರು-ನಾಲ್ಕು ಭಾಷೆಗಳಲ್ಲಿ ಹೇಗೆ ಬಾಳುತ್ತದೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಸಂಗ್ರಹ ಕಾರ್ಯವನ್ನು ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಕೈಗೊಳ್ಳುವುದು ಅಗತ್ಯ. ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ತನ್ನ ಮಾತಿಗೆ ಮರ್ಯಾದೆ ದೊರೆತ ಮಗು ಇನ್ನೊಂದು ಮಾತನ್ನು ಬೇಗ ಕಲಿಯುತ್ತದೆ. ಬೇವನ್ನು ‘ಯಾಪ’ ಎಂದು ಕರೆದೇ ಕನ್ನಡ ನಾಡಿನಲ್ಲಿ ನೆಲೆನಿಂತ ಊರುಗಳು ಈ ಮಾತಿಗೆ ಸಾಕ್ಷಿಯಾಗಿವೆ.