ಮಾತು ಕಿವಿಯನ್ನು ಮುಟ್ಟುವ ಬಗೆ

ಕೆಲವು ವರ್ಷಗಳ ಹಿಂದೆ ಅಂತರಕಾಲೇಜು ಚರ್ಚಾಸ್ಪರ್ಧೆಯೊಂದಕ್ಕೆ ನಾವು ಶ್ರೋತೃಗಳಾಗಿ ಹೋಗಿದ್ದೆವು. ಹಳ್ಳಿಯ ಕಡೆಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ವೇದಿಕೆಯನ್ನೇರಿದಳು. ಮುಂದಿನ ಸಾಲಿನಲ್ಲಿದ್ದ ನಮಗೆ ಆಕೆಯ ವಾದಸರಣಿ ಬಹು ಅಚ್ಚುಕಟ್ಟಾಗಿ ತೋರಿತು. ಹಿಂದಿನ ಸಾಲುಗಳಿಂದಲಾದರೋ "ತಿಳಿಯುವುದಿಲ್ಲ, ಗಟ್ಟಿಯಾಗಿ!" ಎಂಬ ಕೂಗು ಎದ್ದಿತು. ಆಕೆ ದನಿಯನ್ನು ಏರಿಸಿದಳು. ಆದರೂ ಮಾತು ತಿಳಿಯಾಗಲಿಲ್ಲ. ಇನ್ನೂ ಏರಿಸಿದಳು, ಗೊಂದಲ ಇನ್ನೂ ಹೆಚ್ಚಿತು. ಕೊನೆಗೆ ಅರ್ಧಕ್ಕೇ ಮಾತನ್ನು ನಿಲ್ಲಿಸಿ ಕೆಳಗಿಳಿದಳು. "ಈ ಹುಡುಗಿಗೆ ಭಾಷಣ ಮಾಡಲು ಬಾರದು" ಎಂದು ಪಕ್ಕದಲ್ಲಿದ್ದವರೊಬ್ಬರು ತೀರ್ಪಿತ್ತರು.

ಆ ತೀರ್ಪು ನ್ಯಾಯವಾದುದೇ? ಸಭಾಂಗಣದ ಛಾವಣಿ ಬಹಳ ಎತ್ತರವಾಗಿತ್ತು, ನೆಲಕ್ಕೆ ನುಣುಪಾದ ಕಲ್ಲು ಹಾಸಿತ್ತು, ಗೋಡೆಗಳು ಬರಿದಾಗಿದ್ದವು. ಮೈಕ್ರೊಫೋನು ಆಕೆಯ ಬಾಯಿಯಿಂದ ಒಂದು ಮೊಳಕ್ಕಿಂತಲೂ ದೂರದಲ್ಲಿತ್ತು. ಮಾತು ಬಾಯಿಯಿಂದ ಹೊರಟು ಕಿವಿಯನ್ನು ಮುಟ್ಟುವ ದಾರಿಯಲ್ಲಿ ಏನೇನು ಆಪತ್ತುಗಳಿವೆಯೆಂಬುದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಇಂದು ಅನೇಕ ಕಾಲೇಜುಗಳಲ್ಲಿ ಮಾತಿನ ಸಂವಹನ, ಬಹುಮಾಧ್ಯಮ ನಿರ್ಮಾಣ ಎಂಬ ಹೆಸರಿನ ಪಾಠಕ್ರಮಗಳಿವೆ. ಅವುಗಳ ತಿರುಳು ಈ ದಾರಿಯ ಪರಿಚಯವೇ. ಅದನ್ನು ಒಂದಿಷ್ಟು ನೋಡೋಣ.

ಈ ವಿದ್ಯೆಯ ಹಿನ್ನೆಲೆ

ಭಾಷಣಕಲೆ ಪುರಾತನವಾದುದು. ಆದರೆ ಅದನ್ನು ಕಾಲೇಜಿನ ಸ್ವತಂತ್ರ ಶಾಸ್ತ್ರವನ್ನಾಗಿ ಮಾಡುವ ಪ್ರಯತ್ನಕ್ಕೆ ಅಮೆರಿಕದಲ್ಲಿ ೧೯೧೪ರಲ್ಲಿ ಬಲ ಬಂದಿತು. ಆ ವರ್ಷ ಹದಿನೇಳು ಮಂದಿ ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಸಂಘದಿಂದ ಬೇರೆಯಾಗಿ, ಭಾಷಣವನ್ನು ಬೋಧಿಸುವವರ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಬರೆಹವೇ ಬೇರೆ, ಮಾತೇ ಬೇರೆ ಎಂಬುದು ಅವರ ವಾದ. ಓದುವವನು ತಿಳಿಯದ ಸಾಲನ್ನು ಮತ್ತೊಮ್ಮೆ ಓದಬಲ್ಲನು. ಕೇಳುವವನಿಗೆ ಆ ಸೌಲಭ್ಯವಿಲ್ಲ.

ನಮ್ಮ ನಾಡಿನಲ್ಲಿಯೂ ಕಾಲೇಜಿಗೂ ಧ್ವನಿ ಮಾಧ್ಯಮಕ್ಕೂ ಹಳೆಯ ನಂಟಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. 'ಆಕಾಶವಾಣಿ' ಎಂಬುದು ಆ ಕೇಂದ್ರದ ಹೆಸರು. ಸ್ವಾತಂತ್ರ್ಯಾನಂತರ ದೇಶದ ಬಾನುಲಿ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ೨೦೦೪ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದ ಆವರಣದಿಂದ ಸಮುದಾಯ ಬಾನುಲಿಯೊಂದು ಪ್ರಸಾರವನ್ನಾರಂಭಿಸಿದ ಮೇಲೆ, ವಿದ್ಯಾರ್ಥಿಗಳು ತಾವೇ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಅವಕಾಶ ನಮ್ಮ ದೇಶದಲ್ಲಿ ವಿಸ್ತರಿಸಿದೆ.

"ಇದು ನನ್ನ ಧ್ವನಿಯೇ?"

ಇಂತಹ ತರಗತಿಗಳಲ್ಲಿ ಮೊದಲು ಮಾಡಿಸುವ ಅಭ್ಯಾಸಗಳಲ್ಲೊಂದು, ವಿದ್ಯಾರ್ಥಿಯ ಮಾತನ್ನು ಮುದ್ರಿಸಿ ಅವನಿಗೇ ಕೇಳಿಸುವುದು. ಕೇಳಿದೊಡನೆ "ಇದು ನನ್ನ ಧ್ವನಿಯಲ್ಲ" ಎಂದು ಬೆಚ್ಚದವರು ವಿರಳ. ಯಂತ್ರದ ತಪ್ಪೇನೂ ಇಲ್ಲ. ನಾವು ಮಾತನಾಡುವಾಗ ನಮ್ಮ ಧ್ವನಿ ಎರಡು ದಾರಿಗಳಿಂದ ನಮ್ಮ ಒಳಗಿವಿಯನ್ನು ಸೇರುವುದು. ಒಂದು, ಗಾಳಿಯ ಮೂಲಕ. ಇನ್ನೊಂದು, ತಲೆಬುರುಡೆಯ ಮೂಳೆಗಳ ಮೂಲಕ. ಮೂಳೆಯ ದಾರಿಯಲ್ಲಿ ಮಂದ್ರಸ್ವರಗಳು ಚೆನ್ನಾಗಿ ಸಾಗುವುದರಿಂದ ನಮಗೆ ನಮ್ಮ ಧ್ವನಿ ತುಂಬಿಕೊಂಡಂತೆ ಕೇಳಿಸುವುದು. ಯಂತ್ರವಾದರೋ ಗಾಳಿಯಲ್ಲಿ ಬಂದುದನ್ನು ಮಾತ್ರ ಹಿಡಿಯುವುದು. ಇತರರಿಗೆ ನಮ್ಮ ಧ್ವನಿ ಸದಾ ಕೇಳಿಸುತ್ತಿರುವುದು ಹಾಗೆಯೇ. ಆದುದರಿಂದ ಈ ಬೆರಗಿಗೆ ನಾಚಬೇಕಾದುದಿಲ್ಲ; ಅದು ಭೌತಶಾಸ್ತ್ರ.

ಇನ್ನು ಮಾತಿನ ರಚನೆ. ಪುಪ್ಪುಸದಿಂದ ಹೊರಡುವ ಉಸಿರು ಗಂಟಲಿನ ಧ್ವನಿತಂತುಗಳನ್ನು ಸೆಕೆಂಡಿಗೆ ನೂರಾರು ಬಾರಿ ಕಂಪಿಸುವುದು. ನಾಲಗೆ, ತುಟಿ, ಹಲ್ಲುಗಳು ಆ ನಾದಕ್ಕೆ ಅಕ್ಷರದ ಆಕಾರವನ್ನು ಕೊಡುವುವು. ಮಾತಿನ ಶಕ್ತಿಯ ಬಹುಪಾಲು ಸ್ವರಗಳಲ್ಲಿದೆ. ಆದರೆ ಅರ್ಥವನ್ನು ಬೇರ್ಪಡಿಸುವ ಕೆಲಸ ಬಹುಮಟ್ಟಿಗೆ ವ್ಯಂಜನಗಳದು. 'ಕಾಲು', 'ಹಾಲು', 'ಸಾಲು', 'ಪಾಲು' - ಇವುಗಳಲ್ಲಿ ಮೊದಲ ವ್ಯಂಜನವನ್ನು ಬಿಟ್ಟರೆ ಉಳಿಯುವುದೆಲ್ಲ ಒಂದೇ. 'ಸ'ಕಾರದ ಸೀಳುಸದ್ದು ಬಹುಪಾಲು ೪,೦೦೦ ಹರ್ಟ್ಸ್‌ಗಳಿಗಿಂತ ಮೇಲಿನ ಆವೃತ್ತಿಗಳಲ್ಲಿದೆ. ಹಳೆಯ ದೂರವಾಣಿ ವ್ಯವಸ್ಥೆ ಸುಮಾರು ೩೦೦ರಿಂದ ೩,೪೦೦ ಹರ್ಟ್ಸ್‌ಗಳವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ದೂರವಾಣಿಯಲ್ಲಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಬೇಕಾಗುತ್ತಿದ್ದುದು ಇದರಿಂದಲೇ.

ಕನ್ನಡದ ವಕ್ತಾರನಿಗೆ ಮತ್ತೊಂದು ಎಚ್ಚರಿಕೆ ಅಗತ್ಯ. ನಮ್ಮ ಭಾಷೆಯಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಯಲ್ಲಿ ಬರುವುವು. ಉಸಿರು ತೀರುವುದೂ ಅಲ್ಲಿಯೇ. "ಈ ಯೋಜನೆಯಿಂದ ರೈತನಿಗೆ ಲಾಭವಾಗುವುದಿಲ್ಲ" ಎಂಬಲ್ಲಿ ದನಿ ಕೊನೆಗೆ ಕುಗ್ಗಿತೆಂದರೆ 'ಇಲ್ಲ'ವೆಂಬುದೇ ಇಲ್ಲವಾಗಿ, ಕೇಳಿದವನು ವಿರುದ್ಧಾರ್ಥವನ್ನು ಮನೆಗೆ ಕೊಂಡೊಯ್ಯುವನು. ಭಯದಿಂದ ಉಸಿರು ಮೇಲುಮೇಲಕ್ಕೆ ಆಡುವಾಗ ಈ ಅಪಾಯ ಇಮ್ಮಡಿಸುವುದು. ವಾಕ್ಯವನ್ನು ಚಿಕ್ಕದಾಗಿಸಿ, ನಡುವೆ ತಡೆದು ಉಸಿರೆಳೆದುಕೊಳ್ಳುವುದನ್ನು ಮತ್ತೆಮತ್ತೆ ಅಭ್ಯಾಸ ಮಾಡಿಸುವುದು ಇದಕ್ಕಾಗಿಯೇ.

ಕೋಣೆಯೂ ಮಾತನಾಡುವುದು

ಬಾಯಿಯಿಂದ ಹೊರಟ ಮಾತಿನ ಮುಂದಿನ ಕಂಟಕ ಕೋಣೆ. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಮಂದಿರವೊಂದು ಬಳಕೆಗೆ ಬಾರದಂತಾಗಿತ್ತು. ಅಲ್ಲಿ ಆಡಿದ ಒಂದು ಪದ ಸುಮಾರು ಐದೂವರೆ ಸೆಕೆಂಡುಗಳ ಕಾಲ ಗೋಡೆಯಿಂದ ಗೋಡೆಗೆ ಚಿಮ್ಮುತ್ತ ಕೇಳಿಸುತ್ತಿತ್ತು. ಅಷ್ಟರೊಳಗೆ ಉಪನ್ಯಾಸಕರು ಹತ್ತಾರು ಪದಗಳನ್ನು ಆಡಿ ಮುಗಿಸಿರುತ್ತಿದ್ದರು. ಇದರ ಪರಿಹಾರದ ಹೊಣೆ ವಾಲೇಸ್ ಸೇಬಿನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕನ ಮೇಲೆ ಬಿದ್ದಿತು. ಊರೆಲ್ಲ ಮಲಗಿದ ಮೇಲೆ ಆತ ಆರ್ಗನ್ ವಾದ್ಯದ ಕೊಳವೆಯನ್ನೂ ಗಡಿಯಾರವನ್ನೂ ಇಟ್ಟುಕೊಂಡು ನಾದ ಅಡಗಲು ಹಿಡಿಯುವ ಕಾಲವನ್ನು ಅಳೆದನು. ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತಂದು ಹರಡಿದಂತೆಲ್ಲ ಆ ಕಾಲ ಕಡಿಮೆಯಾಯಿತು.

ಆತನ ಶೋಧನೆಯ ಫಲವಾದ ಸೂತ್ರ ಸರಳವಾದುದು. ಕೋಣೆಯ ಗಾತ್ರವನ್ನು ಘನ ಮೀಟರುಗಳಲ್ಲಿ ತೆಗೆದುಕೊಂಡು ೦.೧೬೧ರಿಂದ ಗುಣಿಸಿ, ಕೋಣೆಯಲ್ಲಿನ ವಸ್ತುಗಳ ಒಟ್ಟು ಶಬ್ದಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುವುದು. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ತರಗತಿಯ ಗಾತ್ರ ೩೨೦ ಘನ ಮೀಟರು. ಬರಿದಾದ ಕೋಣೆಯ ಹೀರಿಕೆ ೨೬ ಚದರ ಮೀಟರಿಗೆ ಸಮವೆಂದಿಟ್ಟುಕೊಂಡರೆ ಅನುರಣನ ಸುಮಾರು ೨ ಸೆಕೆಂಡು. ನಲವತ್ತು ಮಂದಿ ಬಂದು ಕುಳಿತು ಹೀರಿಕೆ ೪೪ಕ್ಕೆ ಏರಿದರೆ, ಅದು ಸುಮಾರು ೧.೨ ಸೆಕೆಂಡಿಗೆ ಇಳಿಯುವುದು. ತುಂಬಿದ ತರಗತಿಯಲ್ಲಿ ಅಧ್ಯಾಪಕರ ಮಾತು ಹೆಚ್ಚು ಸ್ಪಷ್ಟವಾಗಿರುವುದಕ್ಕೆ ನಮ್ಮ ಅಂಗಿ, ಸೀರೆ, ಶಾಲುಗಳೂ ಕಾರಣವಾಗಿರುವುವು.

ಈಗ ಆ ವಿದ್ಯಾರ್ಥಿನಿಯ ಪ್ರಸಂಗಕ್ಕೆ ಬರೋಣ. ಗಟ್ಟಿಯಾಗಿ ಹೇಳಿದರೂ ಮಾತು ತಿಳಿಯದೆ ಹೋದುದೇಕೆ? ದನಿಯನ್ನು ಹತ್ತುಪಟ್ಟು ಏರಿಸಿದರೆ ಅನುರಣನವೂ ಹತ್ತುಪಟ್ಟು ಏರುವುದು. ಹಿಂದಿನ ಪದದ ಬಲವಾದ ಸ್ವರ ಇನ್ನೂ ಕೋಣೆಯಲ್ಲಿ ಸುಳಿಯುತ್ತಿರುವಾಗಲೇ ಮುಂದಿನ ಪದದ ದುರ್ಬಲ ವ್ಯಂಜನ ಬಂದು ಅದರಲ್ಲಿ ಮುಳುಗಿಬಿಡುವುದು. ಕೂಗುವುದು ಅದಕ್ಕೆ ಮದ್ದಲ್ಲ, ನಿಧಾನವೇ ಮದ್ದು.

ಮೈಕ್ರೊಫೋನಿನ ಗುಟ್ಟು

ಎರಡನೆಯ ಮದ್ದು ಮೈಕ್ರೊಫೋನಿಗೆ ಸಮೀಪವಾಗುವುದು. ಸಾಮಾನ್ಯ ಮೈಕ್ರೊಫೋನಿನಲ್ಲಿ ತೆಳುವಾದ ಒಂದು ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಸುತ್ತಲೂ ಅಯಸ್ಕಾಂತ ಇರುವುವು. ಧ್ವನಿತರಂಗಗಳು ಬಡಿದಾಗ ಸುರುಳಿ ಅಲುಗಿ, ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ತತ್ತ್ವದಂತೆ ವಿದ್ಯುತ್ತು ಹುಟ್ಟುವುದು. ಬಾಯಿಯಿಂದ ಅರವತ್ತು ಸೆಂಟಿಮೀಟರ್ ದೂರವಿದ್ದ ಮೈಕ್ರೊಫೋನನ್ನು ಹದಿನೈದಕ್ಕೆ ತಂದರೆ ದೂರ ಕಾಲುಭಾಗವಾಗಿ, ನೇರವಾಗಿ ಬರುವ ಧ್ವನಿಯ ತೀವ್ರತೆ ಹದಿನಾರು ಪಟ್ಟಾಗುವುದು. ಕೋಣೆಯ ಗುಂಗಾದರೋ ಬಹುಮಟ್ಟಿಗೆ ಇದ್ದಷ್ಟೇ ಇರುವುದು. ಯಾರನ್ನೂ ಗದರಿಸದೆ, ಕಾಸು ಖರ್ಚಿಲ್ಲದೆ ದೊರೆಯುವ ಲಾಭವಿದು! ಆದರೆ 'ಪ', 'ಬ' ಮುಂತಾದ ಓಷ್ಠ್ಯಗಳನ್ನು ಉಚ್ಚರಿಸುವಾಗ ಗಾಳಿ ಸಿಡಿದು ಪೊರೆಗೆ ಬಡಿಯುವುದರಿಂದ, ಮೈಕ್ರೊಫೋನನ್ನು ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಓರೆಯಾಗಿ ಇಡಬೇಕು.

ಅಂಕಿಗಳಾಗಿ ಮಾತು, ಮಾತಿನೊಡನೆ ಚಿತ್ರ

ಮುಂದೆ ಈ ವಿದ್ಯುತ್ತರಂಗ ಅಂಕಿಗಳಾಗಿ ಮಾರ್ಪಡುವುದು. ಮನುಷ್ಯನ ಕಿವಿ ಸುಮಾರು ೨೦,೦೦೦ ಹರ್ಟ್ಸ್‌ವರೆಗೆ ಕೇಳಬಲ್ಲದು. ತರಂಗವೊಂದನ್ನು ಲೋಪವಿಲ್ಲದೆ ಮರಳಿ ಪಡೆಯಲು ಅದರ ಗರಿಷ್ಠ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆಯಬೇಕೆಂಬುದು ಸಿದ್ಧಾಂತ. ಆದುದರಿಂದ ಧ್ವನಿಮುದ್ರಣದ ಸಿ.ಡಿ. ತಟ್ಟೆಗೆ ಸೆಕೆಂಡಿಗೆ ೪೪,೧೦೦ ಅಳತೆಗಳು ನಿಗದಿಯಾದವು. ಪ್ರತಿ ಅಳತೆಯೂ ೬೫,೫೩೬ ಮೆಟ್ಟಿಲುಗಳಲ್ಲಿ ಒಂದಾಗಿರುವುದು. ಎಡಬಲ ಎರಡೂ ಕಿವಿಗಳಿಗೆ ಸೇರಿ ಒಂದು ಗಂಟೆಯ ಧ್ವನಿಗೆ ಸುಮಾರು ೬೩ ಕೋಟಿ ೫೦ ಲಕ್ಷ ಬೈಟುಗಳು ಬೇಕಾಗುವುವು.

ಧ್ವನಿಗೆ ಚಿತ್ರವನ್ನು ಜೋಡಿಸುವಾಗ ಮತ್ತೊಂದು ಸ್ವಾರಸ್ಯವಿದೆ. ಹೊಳೆಯ ಆಚೆ ದಡದಲ್ಲಿ ಅಗಸನು ಬಟ್ಟೆಯನ್ನು ಕಲ್ಲಿಗೆ ಒಗೆಯುವುದನ್ನು ದೂರದಿಂದ ನೋಡಿದವರಿಗೆ, ಪೆಟ್ಟು ಮೊದಲು ಕಂಡು ಸದ್ದು ಆಮೇಲೆ ಬರುವುದು ಗೊತ್ತು. ಧ್ವನಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಮಾತ್ರ ಸಾಗುವುದು. ಪ್ರಕೃತಿಯಲ್ಲಿ ಸದ್ದು ತಡವಾಗಿ ಬರಬಹುದೇ ಹೊರತು ನೋಟಕ್ಕಿಂತ ಮೊದಲು ಬರುವುದೆಂಬುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡವೂ ಇದಕ್ಕೆ ಹೊಂದಿಕೊಂಡಿದೆ: ಧ್ವನಿ ಸೆಕೆಂಡಿನ ಸಾವಿರದಲ್ಲಿ ೪೫ ಭಾಗದಷ್ಟು ಮುಂಚಿತವಾಗಿ ಬಂದರೇ ಪ್ರೇಕ್ಷಕನಿಗೆ ಗೊತ್ತಾಗತೊಡಗುವುದು, ತಡವಾಗಿ ಬಂದರೆ ೧೨೫ ಭಾಗದವರೆಗೂ ಗೊತ್ತಾಗದು.

ಚಿತ್ರವನ್ನೂ ಧ್ವನಿಯನ್ನೂ ಕತ್ತರಿಸಿ ಜೋಡಿಸುವ ವಿದ್ಯೆ ಕೈಗೆ ಬಂದೊಡನೆ ಒಂದು ಹೊಣೆಯೂ ಬರುವುದು. ವಾಕ್ಯದ ಕೊನೆಯ 'ಇಲ್ಲ'ವನ್ನು ಉಸಿರು ನುಂಗಬಹುದೆಂದು ಮೇಲೆ ಹೇಳಿದೆವು. ಸಂಕಲನಕಾರನ ಬೆರಳೂ ಅದನ್ನು ನುಂಗಬಲ್ಲದು. ಮೊದಲನೆಯದು ದೌರ್ಬಲ್ಯ, ಎರಡನೆಯದು ಅಪಚಾರ. ಒಳ್ಳೆಯ ಪಾಠಕ್ರಮ ಕತ್ತರಿಯನ್ನು ಕೊಡುವಾಗಲೇ ಈ ಭೇದವನ್ನೂ ಕಲಿಸುವುದು.

ಆ ವಿದ್ಯಾರ್ಥಿನಿಗೆ ಬೇಕಾಗಿದ್ದುದು ಹೊಸ ನಾಲಗೆಯಲ್ಲ. ಮೈಕ್ರೊಫೋನನ್ನು ಒಂದು ಗೇಣು ಹತ್ತಿರಕ್ಕೆ ಎಳೆದುಕೊಳ್ಳುವ ತಿಳಿವು, ಪ್ರತಿ ವಾಕ್ಯದ ಕೊನೆಯಲ್ಲಿ ಕ್ಷಣಕಾಲ ನಿಲ್ಲುವ ಧೈರ್ಯ - ಇವೆರಡೇ. ಇವೆರಡನ್ನೂ ಕಲಿಸಬಹುದು, ಕಲಿಯಲೂಬಹುದು. ಮುಂದಿನ ಸಲ ಯಾರದಾದರೂ ಮಾತು ತಿಳಿಯದಿದ್ದಾಗ, "ಇವರಿಗೆ ಮಾತು ಬಾರದು" ಎನ್ನುವುದಕ್ಕೆ ಮೊದಲು ನಾವು ಒಮ್ಮೆ ಛಾವಣಿಯನ್ನೂ ಗೋಡೆಗಳನ್ನೂ ನೋಡೋಣ. ಬಾಯಿಗೂ ಮೈಕ್ರೊಫೋನಿಗೂ ಇರುವ ಅಂತರವನ್ನು ಕಣ್ಣಿನಿಂದಲೇ ಅಳೆಯೋಣ. ತಪ್ಪು ದಾರಿಯದಾಗಿದ್ದರೆ, ಅದನ್ನು ದಾರಿಹೋಕನ ತಲೆಗೆ ಕಟ್ಟುವುದು ವಿಜ್ಞಾನವನ್ನು ಬಲ್ಲವರಿಗೆ ಒಪ್ಪುವ ಮಾತಲ್ಲ.