ಪಾಲಂಪೇಟೆಯ ನೃತ್ಯಮಂಟಪ

ಸಂಗೀತವನ್ನು ಮರೆಯಲ್ಲಿ ಕುಳಿತೂ ಕೇಳಬಹುದು. ನೃತ್ಯವನ್ನಾದರೋ ಕಣ್ಣಾರೆ ಕಾಣಬೇಕು. ನರ್ತಿಸುವವರ ಮುಖ, ಕೈ, ಪಾದ ಮೂರೂ ಪ್ರೇಕ್ಷಕರಿಗೆ ತೋರಬೇಕು. ಹೆಜ್ಜೆಗೆ ಗಟ್ಟಿಯಾದ ನೆಲವೂ ಬೇಕು. ಆದುದರಿಂದ ನೃತ್ಯಕ್ಕೆ ತಕ್ಕ ರಂಗವನ್ನು ಕಟ್ಟುವುದು ಬೇರೆಯೇ ಒಂದು ವಿದ್ಯೆ. ಅಮೆರಿಕ ದೇಶದಲ್ಲಿ ಟೆಡ್ ಶಾನ್ ಎಂಬ ನರ್ತಕರು ಹಳ್ಳಿಗಾಡಿನ ತಮ್ಮ ಜಮೀನಿನಲ್ಲಿ ನೃತ್ಯಕ್ಕೆಂದೇ ರಂಗಮಂದಿರವನ್ನು ತೆರೆದುದು ೧೯೪೨ರಲ್ಲಿ. ಅದಕ್ಕೆ ಏಳುನೂರು ವರ್ಷಗಳಿಗೂ ಹಿಂದೆ ನಮ್ಮ ತೆಲಂಗಾಣದ ಹಳ್ಳಿಯೊಂದರಲ್ಲಿ ನರ್ತನಕ್ಕೆ ನೆಲೆಯಾಗಿ ನಿರ್ಮಿತವಾದ ಶಿಲಾಮಂಟಪವು ಇಂದಿಗೂ ನಿಂತಿರುವುದು.

ಆ ಹಳ್ಳಿಯೇ ಮುಲುಗು ಜಿಲ್ಲೆಯ ಪಾಲಂಪೇಟೆ. ಅಲ್ಲಿಯ ರಾಮಪ್ಪ ದೇವಾಲಯವನ್ನು ಕಾಕತೀಯ ಗಣಪತಿದೇವನ ಸೇನಾನಿಯಾದ ರೇಚರ್ಲ ರುದ್ರನು ೧೨೧೩ರಲ್ಲಿ ಕಟ್ಟಿಸಿದನೆಂದು ಶಾಸನವು ತಿಳಿಸುತ್ತದೆ. ಶಿವನ ಗರ್ಭಗುಡಿಯ ಮುಂದಿರುವುದೇ ರಂಗಮಂಟಪ. ಪೂರ್ವ, ಉತ್ತರ, ದಕ್ಷಿಣ ಈ ಮೂರು ದಿಕ್ಕುಗಳಲ್ಲಿ ಬಾಗಿಲುಗಳಿರುವುದರಿಂದ ಒಳಗೆ ಗಾಳಿ ಬೆಳಕುಗಳಿಗೆ ಕೊರತೆಯಿಲ್ಲ. ನಡುವಿನ ನಾಲ್ಕು ಕಂಬಗಳ ಮಧ್ಯದ ಅಂಕಣವೇ ನರ್ತನದ ಸ್ಥಾನ. ದೇವರಿಗೆ ಎದುರಾಗಿ ನಡೆಯುವ ನೃತ್ಯವು ಸುತ್ತಲಿನ ಜನರಿಗೂ ಕಾಣುವಂತೆ ಈ ಏರ್ಪಾಡು. ಕಂಬಗಳಲ್ಲಿ ನರ್ತಕರೂ ಮದ್ದಳೆ ಬಾರಿಸುವವರೂ ಕೆತ್ತಲ್ಪಟ್ಟಿದ್ದಾರೆ. ಹೊರಗೆ ಬಾಗಿಲುಗಳ ಬಳಿ ಕರಿಯ ಶಿಲೆಯ ೧೨ ಮದನಿಕೆಯರು ಸೂರಿಗೆ ಆಸರೆಯಾಗಿ ನಿಂತಂತೆ ತೋರುವರು.

ಈ ಕಲೆಗೂ ಕನ್ನಡ ನಾಡಿಗೂ ನಂಟುಂಟು. ಕಾಕತೀಯರು ಮೊದಲು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಆ ಕಲ್ಯಾಣವು ನಮ್ಮ ಜಹೀರಾಬಾದಿಗೆ ಸಮೀಪದ ಇಂದಿನ ಬಸವಕಲ್ಯಾಣವೇ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ನೃತ್ಯವನ್ನು ವಿವರಿಸಿದ್ದಾನೆ. ೧೧೧೭ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ನೋಡಿದವರಿಗೆ ಪಾಲಂಪೇಟೆಯವರು ಅವರ ತಂಗಿಯರಂತೆ ಕಾಣುವರು.

ಗಣಪತಿದೇವನ ಗಜಸೈನ್ಯದ ಅಧಿಪತಿಯಾದ ಜಾಯಪನು ಸುಮಾರು ೧೨೫೪ರಲ್ಲಿ 'ನೃತ್ತರತ್ನಾವಳಿ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಶಾಸ್ತ್ರೀಯವಾದ ಮಾರ್ಗವನ್ನಷ್ಟೇ ಅಲ್ಲದೆ ಜನರ ನಡುವೆ ಬೆಳೆದ ದೇಶೀ ನೃತ್ಯಗಳನ್ನೂ ಅವನು ಆದರದಿಂದ ವರ್ಣಿಸಿದನು. ೧೩೨೩ರಲ್ಲಿ ಕಾಕತೀಯ ರಾಜ್ಯವು ಅಳಿಯಿತು. ಆಶ್ರಯವಿಲ್ಲದೆ ಪೇರಿಣಿಯೆಂಬ ವೀರನೃತ್ಯವೂ ಕಾಲಕ್ರಮದಲ್ಲಿ ಮರೆಯಾಯಿತು. ಆದರೆ ಗ್ರಂಥವು ಉಳಿದಿತ್ತು, ಕಂಬಗಳೂ ಉಳಿದಿದ್ದವು. ನಟರಾಜ ರಾಮಕೃಷ್ಣರು (೧೯೨೩–೨೦೧೧) ಇವೆರಡನ್ನೂ ಅಭ್ಯಸಿಸಿ, ಗ್ರಂಥದ ಮಾತನ್ನು ಶಿಲ್ಪದ ಭಂಗಿಯೊಡನೆ ಹೋಲಿಸಿ, ಪೇರಿಣಿಗೆ ಮತ್ತೆ ಜೀವ ಕೊಟ್ಟರು. ಇಂದು ತರುಣರು ಅದನ್ನು ಕಲಿಯುತ್ತಿದ್ದಾರೆ. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯು ಈ ದೇವಾಲಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಭಂಗಿಯ ಶಿಲೆ ಒಡೆದರೆ ಒಂದು ಹೆಜ್ಜೆಯ ಸಾಕ್ಷಿಯೇ ಹೋದಂತೆ. ಆದುದರಿಂದ ವಿದ್ಯಾರ್ಥಿಗಳೇ, ಪಾಲಂಪೇಟೆಗೇ ಆಗಲಿ, ನಮ್ಮೂರ ಹಳೆಯ ಗುಡಿಗೇ ಆಗಲಿ ಹೋದಾಗ ಗೋಡೆಯ ಮೇಲೆ ಹೆಸರನ್ನು ಕೊರೆಯಬೇಡಿರಿ. ಕಂಬದ ಬಳಿ ನಿಂತು, ನರ್ತಕನ ಪಾದವು ಎತ್ತ ತಿರುಗಿದೆ, ಕೈ ಹೇಗೆ ಬಾಗಿದೆ ಎಂಬುದನ್ನು ನೋಡಿ ಪುಸ್ತಕದಲ್ಲಿ ಬರೆದಿಡಿರಿ. ತಂದೆತಾಯಿಗಳು ಮಕ್ಕಳೊಡನೆ ಹೋಗಿ ಅದನ್ನು ತೋರಿಸಲಿ.