ನಿಮಗಿದು ಗೊತ್ತೆ? ಎಳೆಗರುವಿನ ಕೊಂಬು ಬುರುಡೆಗೆ ಅಂಟಿರುವುದಿಲ್ಲ
ಆಂಧ್ರಕ್ಕೆ ಸೇರಿದ ಆಲೂರಿನ ಎರೆಸೀಮೆಯಲ್ಲಿ, ಕಾರಹುಣ್ಣಿಮೆಗೆ ಬಣ್ಣ ಕಾಣುವ ಎತ್ತಿನ ಕೊಂಬು ರೈತನ ಹೆಮ್ಮೆ. ಕೊಟ್ಟಿಗೆಯಲ್ಲಿ ಒತ್ತಾಗಿ ಕಟ್ಟುವ ಮಿಶ್ರತಳಿ ಹಸುಗಳಲ್ಲಾದರೋ ಅದೇ ಕೊಂಬು ಪಕ್ಕದ ಹಸುವಿನ ಕೆಚ್ಚಲನ್ನು ಗಾಯಗೊಳಿಸಬಲ್ಲದು; ಅದಕ್ಕೇ ಅವುಗಳ ಕೊಂಬನ್ನು ಎಳೆಗರುವಾಗಿದ್ದಾಗಲೇ ತಡೆಯುತ್ತಾರೆ.

ಕರು ಹುಟ್ಟಿದ ಸುಮಾರು ಎರಡು ತಿಂಗಳವರೆಗೆ ಕೊಂಬಿನ ಮೊಗ್ಗು, ಎಂದರೆ ಕೊಂಬನ್ನು ಬೆಳೆಸುವ ಅಂಗಾಂಶದ ಪುಟ್ಟ ಗುಬುಟು, ಚರ್ಮದಲ್ಲಷ್ಟೇ ಇರುವುದರಿಂದ, ಆ ಅವಧಿಯಲ್ಲಿ ಅದನ್ನು ಸುಟ್ಟರೆ ಕೊಂಬು ಮೂಡುವುದೇ ಇಲ್ಲ. ಇದಕ್ಕೆ ಬಳಸುವ ಕಾಯಿಸಿದ ಕಬ್ಬಿಣದ ತುದಿ ಬಟ್ಟಲಿನಂತೆ ತಗ್ಗಾಗಿದ್ದು, ಮೊಗ್ಗಿನ ಬುಡವನ್ನು ಪೂರ್ತಿ ಸುತ್ತುವರಿಯುವಷ್ಟು ಅಗಲವಿರಬೇಕು. ಕಿರಿದಾದರೆ ಉಳಿದ ಅಂಗಾಂಶದಿಂದ ಸೊಟ್ಟಗೊಂಬು ಚಿಗುರುತ್ತದೆ. ಪಶುವೈದ್ಯರು ಕಣ್ಣು ಮತ್ತು ಕೊಂಬಿನ ನಡುವೆ ಹಾಯುವ ನರದ ಬಳಿ ಲಿಗ್ನೊಕೇನ್ ಎಂಬ ಅರಿವಳಿಕೆಯನ್ನು ಚುಚ್ಚಿ, ಅದು ನಾಟಿದ ಬಳಿಕ ಕಬ್ಬಿಣವನ್ನು ಕೆಲವೇ ಸೆಕೆಂಡು ಒತ್ತಿ ತಿರುಗಿಸುತ್ತಾರೆ. ಮೊಗ್ಗಿನ ಸುತ್ತ ತಾಮ್ರವರ್ಣದ ಉಂಗುರ ಮೂಡಿದರೆ ಕೆಲಸ ಮುಗಿದಂತೆ.

ಕಬ್ಬಿಣದ ಬದಲು ಮೊದಲ ವಾರದಲ್ಲಿ ಮೊಗ್ಗಿಗೆ ಹಚ್ಚುವ ಕಾಸ್ಟಿಕ್ (ಸುಡುವ ಕ್ಷಾರದ) ಲೇಪ ಅಗ್ಗವೇನೋ ಹೌದು, ಆದರೆ ಮಳೆಗೆ ಕರಗಿ ಕರುವಿನ ಕಣ್ಣಿಗಿಳಿಯುವ, ಹಾಲು ಕುಡಿಯುವಾಗ ತಾಯಿಯ ಕೆಚ್ಚಲನ್ನು ಸುಡುವ ಅಪಾಯ ಅದರಲ್ಲಿದೆ. ಬೆಳೆದ ಕೊಂಬನ್ನು ಗರಗಸದಿಂದ ಕೊಯ್ಯುವುದು ಇನ್ನೂ ಕಠಿಣ, ಏಕೆಂದರೆ ಅಷ್ಟರಲ್ಲಿ ಹಣೆಯ ಗಾಳಿಗೂಡಾದ ಸೈನಸ್ ಕೊಂಬಿನೊಳಕ್ಕೂ ಚಾಚಿರುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಕೊಂಬು ತೆಗೆಯುವುದಕ್ಕೆ ವಿನಾಯಿತಿ ನೀಡಿದ್ದರೂ, ಅದು ನಿಗದಿತ ವಿಧಾನಕ್ಕಷ್ಟೇ ಅನ್ವಯಿಸುತ್ತದೆ.